ಬಾಕಿದಾರನೇ ಮಾಲೀಕ

ಮನೆಗಂದಾಯ ಬಾಕಿ ಉಳಿಸಿಕೊಂಡವರ ಆಸ್ತಿಯನ್ನು ಜಪ್ತಿ ಮಾಡಿ ಹರಾಜು ಹಾಕಲಾಗುವುದೆಂಬ ಎಚ್ಚರಿಕೆಯನ್ನು ನೀವೂ ಓದಿರುತ್ತೀರಿ. ಬೆಂಗಳೂರಿನ ಮಹಾನಗರ ಪಾಲಿಕೆ ಈ ಮಂತ್ರವನ್ನು ಗಟ್ಟಿಯಾಗಿ ಪಠಿಸಿದ ಮೇಲೆ, ಶಿವಮೊಗ್ಗದ ವಿನೋಬನಗರದಲ್ಲಾಗಲಿ ಗೋಪಾಲಗೌಡ ಬಡಾವಣೆಯಲ್ಲಾಗಲಿ ಬೆಳಗಿನ ವಾಕಿಂಗಿಗೆ ಹೊರಟ ಹಿರಿಯರು ಸಕ್ಕರೆ ಕಾಯಿಲೆಯನ್ನು ಬದಿಗಿಟ್ಟು ಬಾಕಿಯ ವಿಷಯ ಮಾತನಾಡತೊಡಗಿದ್ದಾರೆ. ಆದ್ದರಿಂದ ಮನೆ ಕಳೆದುಕೊಳ್ಳುವ ಭೀತಿಯಲ್ಲಿರುವ ಗೃಹಸ್ಥರ ಮುಂದೆ ಯಾವ ಯಾವ ದಾರಿಗಳಿವೆ ಎಂಬುದನ್ನು ತಿಳಿಸಿಕೊಡುವುದು ಅಂಕಣಕಾರನ ಧರ್ಮವೆಂದು ಭಾವಿಸಿದ್ದೇನೆ.

ಮೊದಲಿಗೆ ಅಭಿನಂದನೆಗಳು. ನೋಟಿಸು ಬಂದಿದೆಯೆಂದರೆ, ಆ ಮನೆ ನಿಮ್ಮದೆಂದು ಆಡಳಿತವು ಕಡೆಗೂ ಒಪ್ಪಿಕೊಂಡಿದೆ. ಖಾತೆ ಬದಲಾವಣೆಗೆ ಹೋದಾಗ ಅಪ್ಪನ ಮರಣ ಪ್ರಮಾಣಪತ್ರ, ವಂಶವೃಕ್ಷ, ಇ.ಸಿ. ಎಂಬ ಋಣಭಾರ ಪತ್ರ, ಮನೆಯೆದುರು ನಿಂತು ತೆಗೆಸಿಕೊಂಡ ಫೋಟೊ ಎಲ್ಲವನ್ನೂ ತಿರುವಿ ಹಾಕಿ, ಆಧಾರ್‌ನಲ್ಲಿ ನಿಮ್ಮ ಇನಿಷಿಯಲ್ ಹಿಂದಿದೆ, ಕ್ರಯಪತ್ರದಲ್ಲಿ ಮುಂದಿದೆ ಎಂಬ ಕಾರಣಕ್ಕೆ ಕಡತವನ್ನು ಪಕ್ಕಕ್ಕಿಟ್ಟ ವ್ಯವಸ್ಥೆಯೇ ಇದು. ಆಗ ಕಂದಾಯದ ರಸೀದಿ ತೋರಿಸಿದ್ದಕ್ಕೆ, ಅದು ಮಾಲೀಕತ್ವದ ದಾಖಲೆಯಲ್ಲ ಎಂಬ ಉತ್ತರ ಬಂದಿತ್ತು. ಕಾನೂನಿನ ಪ್ರಕಾರ ಆ ಮಾತು ಸರಿಯೇ. ಖಾತೆಯಾಗಲಿ ರಸೀದಿಯಾಗಲಿ ಹಕ್ಕನ್ನು ಕೊಡುವುದಿಲ್ಲವೆಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಬಾಕಿಯ ಪಟ್ಟಿಯಲ್ಲಿ ಮಾತ್ರ ನಿಮ್ಮ ಹೆಸರು ಇನಿಷಿಯಲ್ ಸಮೇತ ಒಂದಕ್ಷರವೂ ತಪ್ಪದೆ ಅಚ್ಚಾಗಿರುತ್ತದೆ. ಅನಧಿಕೃತ ಬಡಾವಣೆಯಲ್ಲಿ ಸೈಟು ಕೊಂಡವರ ಭಾಗ್ಯ ಇನ್ನೂ ದೊಡ್ಡದು. 2025ರ ಖಾತೆ ಅಭಿಯಾನದಲ್ಲಿ ಅವರಿಂದ ಒಂದು ಸಲಕ್ಕೆ ಎರಡು ಪಟ್ಟು ತೆರಿಗೆ ಕಟ್ಟಿಸಿಕೊಂಡು ಬಿ ಖಾತೆ, ಅಂದರೆ ಅನಧಿಕೃತ ಆಸ್ತಿಯನ್ನು ತೆರಿಗೆಗೆಂದು ಬರೆದಿಡುವ ಖಾತೆ, ಕೊಡುವ ಏರ್ಪಾಡಾಯಿತು. ಹಣ ಕಟ್ಟಿದ ಮಾತ್ರಕ್ಕೆ ಆಸ್ತಿ ಸಕ್ರಮವಾಗುವುದಿಲ್ಲವೆಂಬ ಒಕ್ಕಣೆಯೂ ಅದರ ಜೊತೆಯಲ್ಲೇ ಬಂತು.

ದಾರಿಗಳಲ್ಲಿ ಅತ್ಯಂತ ನೀರಸವಾದುದು ಕಟ್ಟಿಬಿಡುವುದು. ಏಪ್ರಿಲಿನಲ್ಲಿ ಕಟ್ಟಿದರೆ ಶೇ 5ರಷ್ಟು ರಿಯಾಯಿತಿಯಿದೆ, ಆ ತಿಂಗಳ ಕಡೆಯ ವಾರದಲ್ಲಿ ಸರ್ವರ್ ಮಲಗಿರದಿದ್ದರೆ. ಮೇ ಮತ್ತು ಜೂನ್ ತಿಂಗಳುಗಳಲ್ಲಿ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈನಲ್ಲಿ ಮಲೆನಾಡಿಗೆ ಪುನರ್ವಸು ಮಳೆ ಹಿಡಿದುಕೊಳ್ಳುವ ಹೊತ್ತಿಗೆ ತಿಂಗಳಿಗೆ ಶೇ 2ರಂತೆ ದಂಡವೂ ಸುರಿಯಲಾರಂಭಿಸುತ್ತದೆ. ಮಳೆ ಆಮೇಲೆ ನಿಲ್ಲುತ್ತದೆ. ವರ್ಷಕ್ಕೆ ಶೇ 24 ಎಂದರೆ, ಹೆಂಡತಿಯ ಸರವನ್ನು ಬ್ಯಾಂಕಿನಲ್ಲಿ ಅಡವಿಟ್ಟು ಕಂದಾಯ ಕಟ್ಟುವುದೇ ಅಗ್ಗವೆಂದು ಲೆಕ್ಕ ಬಲ್ಲ ಯಾರಾದರೂ ಹೇಳುತ್ತಾರೆ. ತೆರಿಗೆಯ ಬೆನ್ನಿಗಂಟಿಕೊಂಡು ಬರುವ ಉಪಕರಗಳನ್ನೂ ಒಮ್ಮೆ ಓದಿ ನೋಡಬೇಕು: ಆರೋಗ್ಯಕ್ಕೆ ಶೇ 15, ಗ್ರಂಥಾಲಯಕ್ಕೆ ಶೇ 6, ಭಿಕ್ಷುಕರ ಪುನರ್ವಸತಿಗೆ ಶೇ 3. ಇವುಗಳಲ್ಲಿ ಮೂರನೆಯದನ್ನು ನಾನು ಯಾವತ್ತೂ ಗೊಣಗದೆ ಕಟ್ಟುತ್ತೇನೆ. ಮನೆ ಹರಾಜಾದವನಿಗೆ ಮುಂದೆ ಒದಗಬಹುದಾದ ಸೌಲಭ್ಯಕ್ಕೆ ಇಷ್ಟು ದೂರಾಲೋಚನೆಯಿಂದ ಮುಂಗಡ ವಸೂಲಿ ಮಾಡುವ ಇನ್ನೊಂದು ಆಡಳಿತವನ್ನು ನಾನು ಕಂಡಿಲ್ಲ.

ಕಂದಾಯದ ಮಾತು ಬಂದಾಗ ಶಿವಮೊಗ್ಗದವರು ಶಿವಪ್ಪನಾಯಕನನ್ನು ನೆನೆಯದೆ ಇರಲಾಗದು. ಹದಿನೇಳನೆಯ ಶತಮಾನದ ಆ ಕೆಳದಿಯ ಅರಸ ‘ಶಿಸ್ತು’ ಎಂಬ ತನ್ನ ಕಂದಾಯ ಪದ್ಧತಿಯನ್ನು ಗೊತ್ತುಪಡಿಸುವ ಮೊದಲು, ಹಳ್ಳಿ ಹಳ್ಳಿಯಲ್ಲಿ ಬಗೆಬಗೆಯ ಮಣ್ಣಿನ ಗದ್ದೆಗಳನ್ನು ತನ್ನ ಖರ್ಚಿನಲ್ಲೇ ಬೇಸಾಯ ಮಾಡಿಸಿ, ಬಿತ್ತಿದ ಬೀಜವೆಷ್ಟು, ತಗುಲಿದ ವೆಚ್ಚವೆಷ್ಟು, ಕೈಗೆ ಬಂದ ಫಸಲೆಷ್ಟು ಎಂದು ಹಲವು ವರ್ಷ ಬರೆಸಿಟ್ಟು, ಸರಾಸರಿ ತೆಗೆದು, ಮೂರನೆಯ ಒಂದು ಪಾಲನ್ನು ರಾಜಭಾಗವೆಂದು ನಿಗದಿಮಾಡಿದನಂತೆ. ಎಂಥ ಕಾಲಹರಣ! ಈಗಿನವರು ಅಷ್ಟು ಕಷ್ಟಪಡುವುದಿಲ್ಲ. 2021ರ ತಿದ್ದುಪಡಿಯ ನಂತರ ತೆರಿಗೆಯನ್ನು ಮಾರ್ಗಸೂಚಿ ಬೆಲೆಗೆ, ಅಂದರೆ ಆಸ್ತಿ ನೋಂದಣಿಗೆಂದು ಸರ್ಕಾರವೇ ಗೊತ್ತುಮಾಡಿದ ಬೆಲೆಗೆ, ಗಂಟು ಹಾಕಲಾಗಿದೆ. ನಿಮ್ಮ ಹೆಂಚಿನ ಮಾಡು ಸೋರುತ್ತಿರಲಿ, ನಿಮ್ಮ ಪಿಂಚಣಿ ಇದ್ದಲ್ಲೇ ಇರಲಿ, ಸವಳಂಗ ರಸ್ತೆಯ ಆಚೀಚೆ ಸೈಟಿನ ದರ ಏರಿ ಮಾರ್ಗಸೂಚಿ ಬೆಲೆ ಪರಿಷ್ಕರಣೆಯಾಯಿತೆಂದರೆ ನೀವು ಕುಳಿತಲ್ಲೇ ಶ್ರೀಮಂತರು. ಆ ಶ್ರೀಮಂತಿಕೆಯನ್ನು ಅನುಭವಿಸಬೇಕೆಂದರೆ ಮನೆ ಮಾರಬೇಕು. ನೀವು ಮಾರದಿದ್ದರೆ ಅವರೇ ಮಾರಿಕೊಡುತ್ತಾರೆ.

ಜಾಣರ ದಾರಿ ಬೇರೆಯದೇ ಇದೆ, ಅದು ಸುಮ್ಮನೆ ಕಾಯುವುದು. ಬೆಂಗಳೂರಿನಲ್ಲಿ 2024ರಲ್ಲಿ ಒಂದು ಬಾರಿಯ ಪರಿಹಾರವೆಂಬ ಯೋಜನೆ ಬಂದು, ಬಾಕಿದಾರರ ಬಡ್ಡಿ ಮನ್ನಾ ಆಯಿತು, ದಂಡ ಇಳಿಯಿತು. ಜುಲೈ 31ಕ್ಕೆ ಮುಗಿಯಬೇಕಿದ್ದ ಒಂದು ಬಾರಿ ನವೆಂಬರ್ 30ರವರೆಗೂ ಎಳೆದಾಡಿತು. ಏಪ್ರಿಲಿನ ಬಿಸಿಲಿನಲ್ಲಿ ಸಾಲುಗಟ್ಟಿ ನಿಂತು ಕಟ್ಟಿದ್ದ ಪ್ರಾಮಾಣಿಕರಿಗೆ ಆ ಯೋಜನೆಯಲ್ಲಿ ಏನೂ ಇರಲಿಲ್ಲ, ಒಂದು ಧನ್ಯವಾದದ ಎಸ್ಸೆಮ್ಮೆಸ್ಸೂ ಇರಲಿಲ್ಲ. ಕಾಯುವುದಾದರೆ ದೊಡ್ಡ ಮೊತ್ತ ಬಾಕಿಯಿಟ್ಟು ಕಾಯುವುದು ಕ್ಷೇಮ. ಕೋಟಿಗಳ ಬಾಕಿಯಿದ್ದರೆ ವಕೀಲರು ಸಿಗುತ್ತಾರೆ, ಹೈಕೋರ್ಟಿನಿಂದ ತಡೆಯಾಜ್ಞೆ ಸಿಗುತ್ತದೆ, ಮಾತುಕತೆಗೆ ಸೋಫಾ ಸಿಗುತ್ತದೆ. ಎಂಟು ಸಾವಿರ ಬಾಕಿಯಿಟ್ಟ ಒಂಟಿ ಹೆಂಗಸಿಗೆ ಸಿಗುವುದು ಬಾಗಿಲಿಗೆ ಅಂಟಿಸಿದ ನೋಟಿಸು, ಅದನ್ನು ಓದುತ್ತಾ ಹೋಗುವ ನೆರೆಹೊರೆ. ಇದರಲ್ಲಿ ತಮಾಷೆ ಮಾಡಲು ಏನೂ ಉಳಿದಿಲ್ಲ. ಲಿಂಗನಮಕ್ಕಿ ಜಲಾಶಯಕ್ಕೆ ಮನೆ ಗದ್ದೆ ಬಿಟ್ಟುಕೊಟ್ಟು ಅರವತ್ತು ವರ್ಷ ಕಳೆದರೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿರುವ ಕುಟುಂಬಗಳು ಇದೇ ಶಿವಮೊಗ್ಗ ಜಿಲ್ಲೆಯಲ್ಲಿವೆ. ಅವರಿಗೆ ಕೊಡಬೇಕಾದ ಬಾಕಿಗೆ ತಿಂಗಳಿಗೆ ಶೇ 2ರ ದಂಡವನ್ನು ಯಾರೂ ಹಾಕಲಿಲ್ಲ. ಸರ್ಕಾರ ತಡಮಾಡಿದರೆ ಅದು ಪ್ರಕ್ರಿಯೆ, ಪ್ರಜೆ ತಡಮಾಡಿದರೆ ಅಪರಾಧ. ಕೇಳಿ ಕೇಳಿ ಸಾಕಾಗಿದೆ.

ಇರಲಿ, ಹರಾಜಿಗೆ ಬರೋಣ. ಕಾನೂನು ಕರುಣಾಮಯಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನ ಪ್ರಕಾರ ಉಟ್ಟ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಹೆಂಗಸರು ಧರ್ಮಪ್ರಕಾರ ತೆಗೆಯಬಾರದ ಆಭರಣ, ಕುಶಲಕರ್ಮಿಯ ಸಲಕರಣೆ ಇವನ್ನು ಜಪ್ತಿ ಮಾಡುವಂತಿಲ್ಲ. ಸ್ಥಿರಾಸ್ತಿಯ ಜಪ್ತಿಯನ್ನು ಡೋಲು ಬಾರಿಸಿಯೋ ರೂಢಿಯಲ್ಲಿರುವ ಬೇರೆ ರೀತಿಯಲ್ಲೋ ಸಾರಬೇಕೆಂದೂ ಅದೇ ಸಂಹಿತೆ ಹೇಳುತ್ತದೆ. ಬೆಂಗಳೂರಿನಲ್ಲಿ ಬಾಕಿದಾರರ ಬಾಗಿಲಲ್ಲಿ ತಮಟೆ ಬಾರಿಸಿದ್ದನ್ನು ನಾವು ಟೀವಿಯಲ್ಲಿ ಕಂಡಿದ್ದೇವೆ. ಬೀದಿದೀಪ ಕೆಟ್ಟಾಗ ಕಚೇರಿಯೆದುರು ನಾವೂ ಹಾಗೆ ಬಾರಿಸಬಹುದೇ ಎಂಬ ಬಗ್ಗೆ ಸಂಹಿತೆ ಮೌನವಾಗಿದೆ. ಹರಾಜು ಮುಗಿದ ಮೇಲೂ ದಾರಿ ಪೂರ್ತಿ ಮುಚ್ಚುವುದಿಲ್ಲ. ಭೂಕಂದಾಯ ಬಾಕಿಯಂತೆ ವಸೂಲಿ ನಡೆದಿದ್ದರೆ, ಮೂವತ್ತು ದಿನದೊಳಗೆ ಬಾಕಿಯನ್ನೂ, ಕೊಂಡವನಿಗೆಂದು ಖರೀದಿ ಹಣದ ಶೇ 5ನ್ನೂ ಠೇವಣಿಯಿಟ್ಟು ಹರಾಜು ರದ್ದತಿಗೆ ಅರ್ಜಿ ಹಾಕಬಹುದು. ಬಾಕಿ ಕಟ್ಟಲು ಹಣವಿಲ್ಲದೆ ಮನೆ ಕಳೆದುಕೊಂಡವನು ಬಾಕಿಗಿಂತ ಹೆಚ್ಚು ಹಣ ತರಬೇಕೆಂಬ ಒಂದೇ ಒಂದು ಸಣ್ಣ ಷರತ್ತು.

ನಮ್ಮದು ವಾಸಿ ಎಂದು ಹೇಳಿಕೊಳ್ಳಲು ಅಮೆರಿಕವಿದೆ. ಅಲ್ಲಿನ ಮಿನೆಸೋಟ ರಾಜ್ಯದ ಹೆನೆಪಿನ್ ಕೌಂಟಿಯಲ್ಲಿ ಒಬ್ಬ ವೃದ್ಧೆಯ ಸುಮಾರು 2,300 ಡಾಲರ್ ತೆರಿಗೆ ಬಾಕಿ ದಂಡ ಬಡ್ಡಿಗಳನ್ನು ಉಂಡು 15,000ಕ್ಕೆ ಕೊಬ್ಬಿತು. ಆಡಳಿತ ಆಕೆಯ ಫ್ಲಾಟನ್ನು 40,000ಕ್ಕೆ ಮಾರಿ, ಉಳಿದ 25,000 ಡಾಲರನ್ನೂ ತಾನೇ ಇಟ್ಟುಕೊಂಡಿತು. ಅದು ತಪ್ಪೆಂದು ಅಲ್ಲಿನ ಸುಪ್ರೀಂ ಕೋರ್ಟು 2023ರ ಮೇ ತಿಂಗಳಲ್ಲಿ ಒಮ್ಮತದಿಂದ ಹೇಳುವ ಹೊತ್ತಿಗೆ ಅಜ್ಜಿಗೆ 94 ವರ್ಷ. ನಮ್ಮಲ್ಲಿ ಹಾಗಿಲ್ಲ, ಬಾಕಿ ಮತ್ತು ಖರ್ಚು ಕಳೆದು ಮಿಕ್ಕ ಹಣ ಮನೆ ಕಳೆದುಕೊಂಡವನಿಗೇ ಸೇರಬೇಕು. ಅದಕ್ಕೊಂದು ಅರ್ಜಿ ಸಲ್ಲಿಸಬೇಕಾದೀತು, ಮತ್ತು ಆ ಅರ್ಜಿಯ ಜೊತೆ ಚಾಲ್ತಿ ವರ್ಷದ ಕಂದಾಯ ಕಟ್ಟಿದ ರಸೀದಿಯನ್ನು ಲಗತ್ತಿಸಿ ತನ್ನಿ ಎನ್ನುವ ಗುಮಾಸ್ತರು ಈಗಾಗಲೇ ನೇಮಕವಾಗಿ ಕುರ್ಚಿಯಲ್ಲಿ ಕುಳಿತಿದ್ದಾರೆಂದು ನನ್ನ ಬಲವಾದ ಗುಮಾನಿ.