ಪರವಾನಗಿ ಅರ್ಜಿಯನ್ನು ಕೊರಿಯರ್‌ಗೆ ಕೊಡುವ ಮೊದಲು

ಪರವಾನಗಿಗೆ ಅರ್ಜಿ ಕಳುಹಿಸುವವರು ನನ್ನ ಹತ್ತಿರ ಕೇಳುವುದು ಹೆಚ್ಚಾಗಿ ಒಂದೇ ಮಾತು: "ಅಕ್ಕ, ಯಾವುದರಲ್ಲಿ ಹಾಕಿದರೆ ಬೇಗ ಮುಟ್ಟುತ್ತದೆ?" ಬೇಗ ಮುಟ್ಟುವುದು ಅಷ್ಟೇನೂ ದೊಡ್ಡ ವಿಷಯ ಅಲ್ಲ ಅಂತ ನನ್ನ ಅನುಭವ. ಅರ್ಜಿ ಮರುದಿನವೇ ಮುಟ್ಟಿ ಆಮೇಲೆ ಕಚೇರಿಯೊಳಗೆ ಕಾಣೆಯಾದರೆ ಏನು ಮಾಡುತ್ತೀರಿ? "ನಮಗೆ ಬಂದೇ ಇಲ್ಲ" ಎಂದು ಟೇಬಲ್‌ನ ಆಚೆಯಿಂದ ಹೇಳಿದಾಗ ನಿಮ್ಮ ಕೈಯಲ್ಲಿ ತೋರಿಸಲಿಕ್ಕೆ ಎಂತ ಉಂಟು? ಅದನ್ನು ಯೋಚಿಸಿ ದಾರಿ ಆರಿಸಬೇಕು.

ನಿವೃತ್ತಿಯಾಗುವ ತನಕ ನಾನು ಕಚೇರಿಯೊಂದರ ಟಪಾಲು ವಿಭಾಗದಲ್ಲಿ ಇದ್ದವಳು. ಅಂಚೆಯಣ್ಣ ಬಂದರೆ ಒಂದೊಂದು ಕವರ್‌ನ ನಂಬರ್ ನೋಡಿ, ಸಹಿ ಹಾಕಿ, ಕಚೇರಿಯ ಸೀಲು ಒತ್ತಿ ತೆಗೆದುಕೊಳ್ಳುತ್ತಿದ್ದೆವು. ಆ ನಂಬರ್ ಇನ್‌ವರ್ಡ್ ರಿಜಿಸ್ಟರ್‌ಗೂ, ಅಂದರೆ ಬಂದ ಕಾಗದಗಳನ್ನು ಬರೆದಿಡುವ ಪುಸ್ತಕಕ್ಕೂ ಹೋಗುತ್ತಿತ್ತು. ಕೊರಿಯರ್ ಕಥೆ ಬೇರೆ. ಹುಡುಗ ಊಟದ ಹೊತ್ತಿಗೆ ಬಂದರೆ ಗೇಟಿನಲ್ಲಿ ಯಾರು ಸಿಕ್ಕಿದರೋ ಅವರು ಗೀಚಿ ಕೊಡುತ್ತಿದ್ದರು. ಸೀಲು ಇಲ್ಲ, ಹೆಸರು ಓದಲಿಕ್ಕೆ ಆಗುವುದಿಲ್ಲ. ಪ್ಯಾಕೆಟ್ ಒಳಗೆ ಬರುವಾಗ ಸಂಜೆಯಾಗುತ್ತಿತ್ತು, ಕೆಲವೊಮ್ಮೆ ಮರುದಿನ. ಎಲ್ಲ ಕೊರಿಯರ್‌ನವರೂ ಹೀಗೆ ಅಂತ ನಾನು ಹೇಳುವುದಿಲ್ಲ. ಮನೆಗೆ ಸಾಮಾನು ತರಿಸಲಿಕ್ಕೆ, ಮಗಳಿಗೆ ಸೀರೆ ಕಳುಹಿಸಲಿಕ್ಕೆ ನಾನೂ ಕೊರಿಯರನ್ನೇ ನಂಬುವುದು. ಆದರೆ ಸರ್ಕಾರದ ಕಚೇರಿಗೆ ಹೋಗುವ ಅರ್ಜಿಗೆ ಅಂಚೆ ಕಚೇರಿಯ ದಾರಿಯೇ ಸರಿ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಬೈಂದೂರು ಕಡೆಯ ಒಬ್ಬ ಹೆಂಗಸು ಸಮುದ್ರದ ಹತ್ತಿರದ ಹಳೆ ಮನೆಯನ್ನು ಹೋಮ್‌ಸ್ಟೇ ಮಾಡಬೇಕು ಅಂತ ಕಾಗದಪತ್ರ ಒಟ್ಟು ಮಾಡಿದ್ದರು. ಗಂಡ ಇಲ್ಲ, ಮಕ್ಕಳು ಸಣ್ಣವರು. ಕಾಗದ ಹೋದದ್ದು ಕೊರಿಯರ್‌ನಲ್ಲಿ. ಮೊಬೈಲಿನಲ್ಲಿ "ಡೆಲಿವರ್ಡ್" ಅಂತ ಬಂತು. ಕಚೇರಿಯವರು ಸಿಕ್ಕಿಲ್ಲ ಎಂದರು. ಯಾರ ಸಹಿ ಅಂತ ಕೊರಿಯರ್‌ನವರಿಗೆ ಹೇಳಲಿಕ್ಕೆ ಆಗಲಿಲ್ಲ. ಜೊತೆಗೆ ಇಟ್ಟಿದ್ದ ಡಿಡಿಯ ಅವಧಿ ಅಷ್ಟರಲ್ಲಿ ಮುಗಿದಿತ್ತು. 2012ರ ಏಪ್ರಿಲ್‌ನಿಂದ ಡಿಡಿಗೆ ಇರುವುದು ಮೂರೇ ತಿಂಗಳ ಆಯಸ್ಸು, ಅದಕ್ಕೆ ಮೊದಲು ಆರು ತಿಂಗಳು ಇತ್ತು. ಅವರು ಪುನಃ ಬ್ಯಾಂಕಿಗೆ ಅಲೆದರು, ಪುನಃ ಪ್ರತಿಗಳನ್ನು ಮಾಡಿಸಿದರು, ಪ್ರವಾಸಿಗರು ಬರುವ ಸೀಸನ್ ಕೈಬಿಟ್ಟು ಹೋಯಿತು. ಅವರು ಮಾಡಿದ ತಪ್ಪು ಎಂತದು ಹೇಳಿ? ಯಾರೂ ಅವರಿಗೆ ಸರಿಯಾದ ದಾರಿ ಹೇಳಿರಲಿಲ್ಲ, ಅಷ್ಟೇ. ಈ ಬರಹ ಬರೆಯಲಿಕ್ಕೆ ಅವರೇ ಕಾರಣ.

ಈಗ ಬಹಳ ಜನರಿಗೆ ಇರುವ ಗೊಂದಲ: "ರಿಜಿಸ್ಟರ್ಡ್ ಪೋಸ್ಟ್ ನಿಂತು ಹೋಯಿತಲ್ಲ, ಇನ್ನೆಂತ ಮಾಡುವುದು?" 2025ರಲ್ಲಿ ಅದನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದ್ದಾರೆ. ಪ್ರತ್ಯೇಕ ರಿಜಿಸ್ಟರ್ಡ್ ಪೋಸ್ಟ್ ಇಲ್ಲ, ಆದರೆ ರಿಜಿಸ್ಟ್ರೇಷನ್ ಉಂಟು. ಸ್ಪೀಡ್ ಪೋಸ್ಟ್ ಮಾಡುವಾಗ "ರಿಜಿಸ್ಟ್ರೇಷನ್ ಬೇಕು" ಅಂತ ಕೌಂಟರ್‌ನಲ್ಲಿ ನಾವೇ ಬಾಯಿಬಿಟ್ಟು ಕೇಳಬೇಕು. ಅದಕ್ಕೆ 5 ರೂಪಾಯಿ, ಮೇಲೆ ಜಿಎಸ್‌ಟಿ. ಇದು ಯಾಕೆ ಬೇಕು ಅಂದರೆ, ಬರೀ ಸ್ಪೀಡ್ ಪೋಸ್ಟನ್ನು ಆ ವಿಳಾಸದಲ್ಲಿ ಇರುವವರಿಗೆ ಕೊಡಬಹುದು. ರಿಜಿಸ್ಟ್ರೇಷನ್ ಮಾಡಿದರೆ ಯಾರ ಹೆಸರಿಗೆ ಬರೆದಿದೆಯೋ ಅವರಿಗೆ, ಇಲ್ಲವೇ ಅವರು ಅಧಿಕಾರ ಕೊಟ್ಟವರಿಗೆ ಮಾತ್ರ ಕೊಡಬೇಕು. ಗೇಟಿನಲ್ಲಿ ಗೀಚಿ ತೆಗೆದುಕೊಳ್ಳುವುದು ಆಗ ಸುಲಭವಿಲ್ಲ. ತಲುಪಿದ್ದಕ್ಕೆ ಲಿಖಿತ ಸ್ವೀಕೃತಿ ಬೇಕು ಅಂತಲೂ ಅಲ್ಲೇ ಕೇಳಿ.

ಕೌಂಟರ್‌ನಲ್ಲಿ ಒಟಿಪಿ ಡೆಲಿವರಿ ಬೇಕಾ ಅಂತಲೂ ಕೇಳಬಹುದು. ಅದಕ್ಕೂ 5 ರೂಪಾಯಿಯೇ. ಮನೆಗೆ ಕಳುಹಿಸುವ ಕಾಗದಕ್ಕೆ ಒಳ್ಳೆಯದು. ಕಚೇರಿಗೆ ಬೇಡ. ಆ ಒಟಿಪಿ ಯಾರ ಮೊಬೈಲಿಗೆ ಹೋಗಬೇಕು? ಸಾಹೇಬರ ನಂಬರ್ ನಿಮ್ಮಲ್ಲಿ ಇರುವುದಿಲ್ಲ, ಇದ್ದರೂ ಅವರು ಮೀಟಿಂಗ್‌ನಲ್ಲಿ ಕೂತು ಒಟಿಪಿ ಹೇಳುವುದಿಲ್ಲ.

ದುಡ್ಡಿನ ಲೆಕ್ಕ ಹೇಳುತ್ತೇನೆ. 2025ರ ಅಕ್ಟೋಬರ್ 1ರಿಂದ ಸ್ಪೀಡ್ ಪೋಸ್ಟ್ ದರ ಬದಲಾಗಿದೆ. 50 ಗ್ರಾಂ ತನಕ ಸ್ಥಳೀಯವಾಗಿ 19 ರೂಪಾಯಿ, ಹೊರಗೆ 47. ಆದರೆ ಅರ್ಜಿಯ ಕವರ್ 50 ಗ್ರಾಂನಲ್ಲಿ ನಿಲ್ಲುವುದು ಕಷ್ಟ. ನಾವು ಜೆರಾಕ್ಸ್ ಮಾಡಿಸುವ ಎ4 ಹಾಳೆ ಒಂದಕ್ಕೆ ಸುಮಾರು 5 ಗ್ರಾಂ ಇರುತ್ತದೆ. ಎಂಟು ಹತ್ತು ಹಾಳೆಗೆ ದಪ್ಪ ಕವರ್ ಸೇರಿದರೆ ಮುಂದಿನ ಹಂತಕ್ಕೆ ಹೋಯಿತು. ಆಗ ಮಂಗಳೂರಿನಿಂದ ಬೆಂಗಳೂರಿಗೆ 63 ರೂಪಾಯಿ. ರಿಜಿಸ್ಟ್ರೇಷನ್, ಜಿಎಸ್‌ಟಿ ಎಲ್ಲ ಸೇರಿ 80 ರೂಪಾಯಿ ಆಸುಪಾಸು. ಸುಳ್ಯದಿಂದ ಮಂಗಳೂರಿಗೆ ಬಂದು ಹೋಗುವ ಬಸ್ಸು ಖರ್ಚು, ಒಂದು ದಿನದ ಕೂಲಿ ಎಲ್ಲ ನೋಡಿದರೆ ಇದು ದೊಡ್ಡ ಮೊತ್ತ ಅಲ್ಲ.

ಹಾಗಂತ ಊರಲ್ಲೇ ಇರುವ ಕಚೇರಿಗೆ ಅಂಚೆಯಲ್ಲಿ ಯಾಕೆ ಹಾಕಬೇಕು? ಹತ್ತಿರ ಇದ್ದರೆ ಹೋಗಿ ಕೈಯಾರೆ ಕೊಡಿ. ಅರ್ಜಿಯ ಇನ್ನೊಂದು ಪ್ರತಿ ತೆಗೆದುಕೊಂಡು ಹೋಗಿ, ಅದರ ಮೇಲೆ ಸೀಲು, ತಾರೀಕು, ಸಹಿ ಹಾಕಿಸಿಕೊಳ್ಳಿ. "ಸುಮ್ನೆ ಇಟ್ಟು ಹೋಗಿ, ನಾವು ನೋಡುತ್ತೇವೆ" ಎಂದರೆ ಒಪ್ಪಬೇಡಿ. ಇಷ್ಟು ದಿನದೊಳಗೆ ಸೇವೆ ಕೊಡಲೇಬೇಕು ಎನ್ನುವ ಸರ್ಕಾರದ ಸಕಾಲ ಯೋಜನೆಯ ಅಡಿ ಬರುವ ಸೇವೆಯಾದರೆ ಸ್ವೀಕೃತಿಯಲ್ಲಿ 15 ಅಂಕಿಯ ಜಿಎಸ್‌ಸಿ ನಂಬರ್ ಕೊಡಬೇಕು. ಆ ನಂಬರ್ ಇದ್ದರೆ ಅರ್ಜಿ ಎಲ್ಲಿದೆ, ಎಷ್ಟು ದಿನ ಆಯಿತು ಎಂದು ನೀವೇ ನೋಡಬಹುದು. ಕೈಯಾರೆ ಕೊಟ್ಟು ಸೀಲು ಹಾಕಿಸಿಕೊಂಡದ್ದಕ್ಕಿಂತ ಗಟ್ಟಿ ಪುರಾವೆ ಬೇರೆ ಇಲ್ಲ. ದೂರ ಇರುವವರಿಗೆ, ವಯಸ್ಸಾದವರಿಗೆ, ರಜೆ ಸಿಗದವರಿಗೆ ಅಂಚೆ.

ವಿಳಾಸದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಟಪಾಲಿನಲ್ಲಿ ನಾನು ಕಂಡ ಹೆಚ್ಚಿನ ತೊಂದರೆ ಶುರುವಾಗುವುದೇ ಇಲ್ಲಿ. ಅಧಿಕಾರಿಯ ಹೆಸರು ಬರೆಯಬೇಡಿ, ಹುದ್ದೆ ಬರೆಯಿರಿ. ಹೆಸರಿಗೆ ಬಂದ ರಿಜಿಸ್ಟ್ರೇಷನ್ ಕವರ್ ಆ ಮನುಷ್ಯನದ್ದು. ಅವರಿಗೆ ವರ್ಗ ಆಗಿದ್ದರೆ ಅದು ಅವರ ಹಿಂದೆ ಹೊಸ ಊರಿಗೆ ಹೋಗಬಹುದು, ಇಲ್ಲವೇ ನಿಮ್ಮ ಮನೆಗೇ ವಾಪಸ್ ಬರಬಹುದು. ಹುದ್ದೆಗೆ ಬರೆದರೆ ಆ ಕುರ್ಚಿಯಲ್ಲಿ ಯಾರು ಕೂತರೂ ಅವರದ್ದೇ. ಇನ್ನು ಕಚೇರಿ ಈಗ ಎಲ್ಲಿದೆ ಅಂತ ಖಚಿತ ಮಾಡಿಕೊಳ್ಳಿ. ಮಂಗಳೂರಿನ ಜಿಲ್ಲಾಧಿಕಾರಿ ಕಚೇರಿ 2025ರಲ್ಲಿ ಪಡೀಲ್‌ನ ಪ್ರಜಾಸೌಧಕ್ಕೆ ಹೋಗಿದೆ. ಹಳೆ ಅರ್ಜಿ ನೋಡಿ ಬರೆಯುವವರು ಇನ್ನೂ ಸ್ಟೇಟ್‌ಬ್ಯಾಂಕ್ ಹತ್ತಿರದ ವಿಳಾಸವನ್ನೇ ಬರೆದುಬಿಡುವ ಸಂಭವ ಉಂಟು. ಉಡುಪಿಯ ಜಿಲ್ಲಾಧಿಕಾರಿ ಕಚೇರಿ ಇರುವುದು ಮಣಿಪಾಲದ ರಜತಾದ್ರಿಯಲ್ಲಿ. ಅದರ ಪಿನ್ 576104, ಉಡುಪಿ ಪೇಟೆಯ 576101 ಅಲ್ಲ. ಕವರ್‌ನ ಹಿಂದೆ ನಿಮ್ಮ ವಿಳಾಸ, ಮೊಬೈಲ್ ನಂಬರ್ ಬರೆಯಲೇಬೇಕು.

ಒಳಗೆ ಮೊದಲ ಹಾಳೆ ಒಂದು ಸಣ್ಣ ಪತ್ರ ಇರಲಿ. ಏನೇನು ಇಟ್ಟಿದ್ದೀರಿ, ಎಷ್ಟು ಪುಟ, ಡಿಡಿ ನಂಬರ್ ಎಷ್ಟು, ಎಲ್ಲ ಅದರಲ್ಲಿ ಬರೆಯಿರಿ. ಕವರ್ ಒಡೆದಾಗ ಡಿಡಿ ಒಂದು ಕಡೆಗೆ, ಅರ್ಜಿ ಇನ್ನೊಂದು ಕಡೆಗೆ ಹೋಗುತ್ತದೆ. ಆ ಪತ್ರದಲ್ಲಿ ಇದ್ದರೆ ಮಾತ್ರ ಎರಡೂ ಒಂದೇ ಅರ್ಜಿಯದ್ದು ಅಂತ ಕಡತ ನೋಡುವ ಕೇಸ್ ವರ್ಕರ್‌ಗೆ ಗೊತ್ತಾಗುವುದು. ಕಚೇರಿಯವರು ಕೇಳದಿದ್ದರೆ ಮೂಲ ದಾಖಲೆ ಕಳುಹಿಸಬೇಡಿ. ಆರ್‌ಟಿಸಿ, ಕ್ರಯಪತ್ರ ಎಲ್ಲ ದೃಢೀಕರಿಸಿದ ಪ್ರತಿ ಸಾಕು ಎಂದಿದ್ದರೆ ಪ್ರತಿಯೇ ಸಾಕು.

ಮಳೆಗಾಲದಲ್ಲಿ ನಮ್ಮ ಜಿಲ್ಲೆಗಳಿಗೆ ಇನ್ನೊಂದು ಕಷ್ಟ. ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ಬೆಂಗಳೂರಿನ ದಾರಿ ಕಟ್ಟಾಗುತ್ತದೆ, ರೈಲು ಹಳಿ ಮೇಲೂ ಮಣ್ಣು ಬೀಳುತ್ತದೆ. ಕೊನೆಯ ದಿನಾಂಕ ಅಂದರೆ ಸಾಮಾನ್ಯವಾಗಿ ಅರ್ಜಿ ಅಲ್ಲಿಗೆ ಮುಟ್ಟಬೇಕಾದ ದಿನ. ಜೂನ್‌ನಿಂದ ಆಗಸ್ಟ್ ತನಕ ಒಂದು ವಾರ ಮೊದಲೇ ಹಾಕಿ, ಒಳಗೆ ಒಂದು ಪ್ಲಾಸ್ಟಿಕ್ ಕವರ್ ಕೂಡ ಇರಲಿ.

ರಶೀದಿ ಜೋಪಾನ. ಅದರಲ್ಲಿ ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ ಐಎನ್ ಅಂತ ಇರುವ ನಂಬರ್ ಉಂಟಲ್ವಾ, ನಿಮ್ಮ ಅರ್ಜಿಯ ಗುರುತೇ ಅದು. ಆ ಹಾಳೆಯ ಅಕ್ಷರ ಕೆಲವು ತಿಂಗಳಲ್ಲಿ ಮಾಸಿ ಹೋಗುತ್ತದೆ, ಅದೇ ದಿನ ಜೆರಾಕ್ಸ್ ಮಾಡಿಸಿ. ತಲುಪಿದ ಮೇಲೆ ವೆಬ್‌ಸೈಟ್‌ನಲ್ಲಿ ಬರುವ ವಿವರದ ಪ್ರಿಂಟ್ ತೆಗೆದು ಇಡಿ. 1897ರ ಜನರಲ್ ಕ್ಲಾಸಸ್ ಕಾಯ್ದೆಯ 27ನೇ ಕಲಮಿನಲ್ಲಿ ಒಂದು ಮಾತು ಇದೆ. ಕಾನೂನು ಅಂಚೆಯಲ್ಲಿ ಕಳುಹಿಸಲು ಹೇಳುವ ಕಡೆ, ಸರಿಯಾದ ವಿಳಾಸ ಬರೆದು, ದುಡ್ಡು ಕಟ್ಟಿ, ರಿಜಿಸ್ಟರ್ಡ್ ಅಂಚೆಯಲ್ಲಿ ಹಾಕಿದ ಕಾಗದ ಮುಟ್ಟಿದೆ ಎಂದೇ ಹಿಡಿಯಬೇಕು. ಮುಟ್ಟಿಲ್ಲ ಎಂದು ತೋರಿಸುವ ಹೊಣೆ ಆ ಕಡೆಯವರದ್ದು. ಕೊರಿಯರ್ ರಶೀದಿಗೆ ಈ ಕಲಮಿನ ಆಸರೆ ಇಲ್ಲ.

ಇಷ್ಟಾದರೂ ಕಚೇರಿಯಿಂದ ಸುದ್ದಿ ಇಲ್ಲ ಅಂದರೆ ಜಗಳಕ್ಕೆ ಹೋಗಬೇಡಿ. ಅಂಚೆ ಕಚೇರಿಯಲ್ಲೇ 10 ರೂಪಾಯಿಯ ಐಪಿಒ (ಪೋಸ್ಟಲ್ ಆರ್ಡರ್) ಸಿಗುತ್ತದೆ. ಅದನ್ನು ಇಟ್ಟು ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಇಂಥ ನಂಬರಿನ ಸ್ಪೀಡ್ ಪೋಸ್ಟ್ ಇಂಥ ದಿನ ನಿಮ್ಮ ಕಚೇರಿಗೆ ಬಂದಿದೆ, ಅದರ ಇನ್‌ವರ್ಡ್ ನಂಬರ್ ಏನು, ಈಗ ಯಾರ ಟೇಬಲ್‌ನಲ್ಲಿದೆ, ರಿಜಿಸ್ಟರ್‌ನ ಆ ಪುಟದ ಪ್ರತಿ ಕೊಡಿ ಎಂದು ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಬೈಂದೂರಿನ ಆ ಅಕ್ಕನ ಹತ್ತಿರ ಅಂಥ ನಂಬರ್ ಇದ್ದಿದ್ದರೆ ಈ ಪ್ರಶ್ನೆ ಕೇಳಬಹುದಿತ್ತು. ಎರಡನೇ ಸಲ ಅವರ ಕವರ್‌ನ ಮೇಲೆ ವಿಳಾಸ ಬರೆದದ್ದು ನಾನೇ. ರಿಜಿಸ್ಟರ್ ಮಾಡಿಯೇ ಕಳುಹಿಸಿದೆವು. ನಿಮ್ಮಲ್ಲಿ ಯಾರಿಗಾದರೂ ಕವರ್ ಬರೆಯುವಾಗ, ಕಾಗದ ಜೋಡಿಸುವಾಗ ಅನುಮಾನ ಬಂದರೆ ಕೆಳಗೆ ಕೇಳಿ, ಗೊತ್ತಿದ್ದದ್ದನ್ನು ಹೇಳುತ್ತೇನೆ.