ಗೋಪಾಲಗೌಡರು ಮತ್ತು ನಮ್ಮ ವೇದಿಕೆಯ ಶಾಸಕರು

ಮುಂಬಯಿಯ ನಮ್ಮ ಸಂಘಗಳ ವಾರ್ಷಿಕೋತ್ಸವಕ್ಕೆ ಊರಿನ ಶಾಸಕರನ್ನು ಕರೆಸುವುದು ವಾಡಿಕೆ. ಶಾಲು, ಹಾರ, ಸ್ಮರಣಿಕೆಗಳಾದ ಮೇಲೆ ಅವರು ರಸ್ತೆಗೆ ತಂದ ಅನುದಾನದ ಬಗ್ಗೆ, ದೇವಸ್ಥಾನದ ಜೀರ್ಣೋದ್ಧಾರಕ್ಕೆ ಕೊಡಿಸಿದ ಹಣದ ಬಗ್ಗೆ ಮಾತಾಡುತ್ತಾರೆ. ವಿಧಾನಸಭೆಯಲ್ಲಿ ಯಾವ ಮಸೂದೆಯ ಮೇಲೆ ಏನು ಮಾತಾಡಿದರೆಂದು ಅವರೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಹಾಗಾಗಿಯೇ ಸಮಾಜವಾದಿ ಶಾಸಕರಾಗಿದ್ದ ಶಾಂತವೇರಿ ಗೋಪಾಲಗೌಡರ ಬಗ್ಗೆ ಬರೆಯಬೇಕೆನಿಸಿತು.

1923ರಲ್ಲಿ ತೀರ್ಥಹಳ್ಳಿ ತಾಲೂಕಿನಲ್ಲಿ ಹುಟ್ಟಿದ ಅವರು 1942ರ ಚಳವಳಿಯಲ್ಲಿ ಜೈಲಿಗೆ ಹೋದವರು. ಆದರೆ ಅವರ ರಾಜಕಾರಣಕ್ಕೆ ಬೇರು ಕೊಟ್ಟದ್ದು 1951ರ ಕಾಗೋಡು ಸತ್ಯಾಗ್ರಹ. ಸಾಗರ ಸೀಮೆಯ ಭೂಮಾಲೀಕರು ಲೆಕ್ಕಕ್ಕಿಂತ ದೊಡ್ಡ ಕೊಳಗದಲ್ಲಿ ಗೇಣಿ ಭತ್ತ ಅಳೆದುಕೊಳ್ಳುತ್ತಿದ್ದರು. ಕಣದಲ್ಲಿ ನಿಂತ ಒಕ್ಕಲಿಗೆ ತನ್ನ ಬೆಳೆ ಕೊಳಗ ಕೊಳಗವಾಗಿ ಕರಗುವುದು ಕಣ್ಣಿಗೆ ಕಾಣುತ್ತಿದ್ದರೂ ಬಾಯಿ ಬಿಡುವ ಹಾಗಿರಲಿಲ್ಲ. ಎಚ್. ಗಣಪತಿಯಪ್ಪನವರ ರೈತ ಸಂಘ ಆ ಬಾಯಿ ತೆರೆಸಿತು, ಸಮಾಜವಾದಿಗಳು ಜೊತೆಗೆ ನಿಂತರು. ಜೂನ್ ತಿಂಗಳಲ್ಲಿ ಅಲ್ಲಿಗೆ ಬಂದ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ಗೌಡರು ಸಾಗರ-ಹೊಸನಗರದಿಂದ ಗೆದ್ದು ವಿಧಾನಸಭೆ ಪ್ರವೇಶಿಸಿದರು.

1957ರಲ್ಲಿ ಸೋತರು, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ‘ಒಂದು ಓಟು, ಒಂದು ನೋಟು’ ಎಂದು ಮತದಾರರನ್ನೇ ಕೇಳಿ ಚುನಾವಣೆ ನಡೆಸಿದ ಅವರು ಮಂತ್ರಿಯಾಗಲಿಲ್ಲ, ಆಸ್ತಿ ಮಾಡಲಿಲ್ಲ. ಸಿಟ್ಟು ಅವರಿಗೆ ಬೇಗ ಬರುತ್ತಿತ್ತು, ಸದನದಲ್ಲೂ ಬಂದದ್ದುಂಟು; ಅದನ್ನು ಮುಚ್ಚಿಡುವ ಅಗತ್ಯ ನನಗೆ ಕಾಣುವುದಿಲ್ಲ. ಗೇಣಿದಾರನ ಹಕ್ಕು, ಆಡಳಿತದಲ್ಲಿ ಕನ್ನಡ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು, ಇವು ಅವರು ಸದನದಲ್ಲಿ ಬಿಡದೆ ಎತ್ತಿದ ವಿಷಯಗಳು. 1972ರ ಜೂನ್ 9ರಂದು, ಐವತ್ತು ತುಂಬುವ ಮೊದಲೇ ತೀರಿಕೊಂಡರು. ರಾಜ್ಯದ ಹೆಸರು ಬದಲಾದದ್ದು 1973ರ ನವೆಂಬರ್ 1ರಂದು. ಗೇಣಿ ಪದ್ಧತಿಯನ್ನು ತೆಗೆದುಹಾಕಿದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಕಾನೂನು ತಂದ ಶ್ರೇಯಸ್ಸು ಆಗಿನ ಮುಖ್ಯಮಂತ್ರಿ ದೇವರಾಜ ಅರಸರದು, ಸಂದೇಹವಿಲ್ಲ. ಆದರೆ ಆ ಕಾನೂನಿಗೆ ನೆಲ ಹದ ಮಾಡಿದವರಲ್ಲಿ ವಿರೋಧ ಪಕ್ಷದ ಸಾಲಿನಲ್ಲಿ ಕೂತ ಈ ಮನುಷ್ಯನೂ ಇದ್ದರು.

ಮುಂಬಯಿಯಲ್ಲಿರುವ ನನಗೆ ಇದು ದೂರದ ಇತಿಹಾಸವಲ್ಲ. ನಮ್ಮಜ್ಜ ಉಡುಪಿ ಕಡೆಯ ಚಾಲಗೇಣಿ ಒಕ್ಕಲು, ಅಂದರೆ ಧಣಿ ಬೇಕೆಂದಾಗ ಬಿಡಿಸಬಹುದಾಗಿದ್ದ ಗೇಣಿದಾರ. ಅಕ್ಕಿ ಮುಡಿಗಳನ್ನು ಧಣಿಗಳ ಮನೆಗೆ ಹೊತ್ತು ಹಾಕಿದ ಮೇಲೆ ಉಳಿದದ್ದು ಮಳೆಗಾಲಕ್ಕೆ ಸಾಲುತ್ತಿರಲಿಲ್ಲ. ಅಪ್ಪ ಹುಡುಗನಾಗಿದ್ದಾಗಲೇ ಇಲ್ಲಿಗೆ ಬಂದು, ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿದರು. ಆಮೇಲೆ, ಆ ಕಾನೂನು ಬಂದಾಗ, ಅಜ್ಜ ಡಿಕ್ಲರೇಶನ್ (ಭೂಮಿಯ ಹಕ್ಕಿಗಾಗಿ ಅರ್ಜಿ) ಹಾಕಿ, ಭೂನ್ಯಾಯ ಮಂಡಳಿಯ ಮುಂದೆ ನಿಂತು, ತಾನು ಉಳುತ್ತಿದ್ದ ಗದ್ದೆಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡರು. ಇಂಥ ಕಥೆ ಈ ನಗರದ ಎಷ್ಟೋ ಕನ್ನಡಿಗರ ಮನೆಯಲ್ಲಿದೆ. ಶಾಸಕರು ಮಾಡುವ ಕಾನೂನು ಒಂದು ಮನೆತನದ ಹಣೆಬರಹವನ್ನೇ ತಿದ್ದಬಲ್ಲದೆಂದು ನಮಗೆ ಬೇರೆಯವರು ಹೇಳಿಕೊಡಬೇಕಿಲ್ಲ.

ರಸ್ತೆ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಚರಂಡಿ, ಬೀದಿದೀಪಗಳನ್ನು ನೋಡಿಕೊಳ್ಳಲು ಪಂಚಾಯತಿ, ಪುರಸಭೆಗಳಿವೆ. ಕಾನೂನು ಮಾಡುವವರು ಶಾಸಕರು ಮಾತ್ರ. ಮದುವೆ, ಗೃಹಪ್ರವೇಶಗಳಿಗೆ ಬರಲಿಲ್ಲವೆಂದು ಅವರ ಮೇಲೆ ಮುನಿಸಿಕೊಳ್ಳುವ ನಾವು, ಅವರು ಅಧಿವೇಶನಕ್ಕೆ ಹೋಗದಿದ್ದರೆ ಲೆಕ್ಕಕ್ಕೇ ಇಡುವುದಿಲ್ಲ. ಮುಂದಿನ ವರ್ಷದ ಆಮಂತ್ರಣ ಪತ್ರಿಕೆ ಅಚ್ಚಾಗುವ ಮೊದಲು ನಮ್ಮ ಸಂಘಗಳ ಪದಾಧಿಕಾರಿಗಳಲ್ಲಿ ನನ್ನದೊಂದು ವಿನಂತಿ: ಸನ್ಮಾನದ ಜೊತೆಗೆ ಒಂದು ಗಂಟೆ ಪ್ರಶ್ನೋತ್ತರಕ್ಕೆ ಇಡಿ, ಕಳೆದ ಅಧಿವೇಶನದಲ್ಲಿ ಅವರು ಕೇಳಿದ ಪ್ರಶ್ನೆಗಳ ಪಟ್ಟಿಯನ್ನು ಮುಂಚಿತವಾಗಿ ತರಿಸಿಕೊಳ್ಳಿ, ಅದನ್ನು ವೇದಿಕೆಯ ಮೇಲೆಯೇ ಓದಿಸಿ.