ಮೊದಲ ಮಾತು ಸಭೆಗೆ ಇರಲಿ

ನಮ್ಮ ಕನ್ನಡ ಸಭೆಗಳಲ್ಲಿ ಮಾತು ಶುರುವಾಗುವ ಹೊತ್ತಿಗೆ ಕೇಳುವವರು ಅರ್ಧ ದಣಿದಿರುತ್ತಾರೆ. ಅಧ್ಯಕ್ಷರು, ಉದ್ಘಾಟಕರು, ಮುಖ್ಯ ಅತಿಥಿಗಳು, ದಾನಿಗಳು, ಮಾಜಿ ಅಧ್ಯಕ್ಷರು ಎಲ್ಲರ ಹೆಸರೂ ಬರಬೇಕು. ಸ್ವಾಗತ ಭಾಷಣದಲ್ಲಿ ಓದಿದ ಪಟ್ಟಿಯನ್ನೇ ಮುಂದೆ ಮೈಕ್ ಹಿಡಿದ ಪ್ರತಿಯೊಬ್ಬರೂ ಮತ್ತೆ ಓದುತ್ತಾರೆ. ಷಿಕಾಗೋಗೆ ಬಂದ ಮೇಲೂ ನಾವು ಈ ರೂಢಿ ಬಿಟ್ಟಿಲ್ಲ. ನನಗೆ ಇದು ನಿಜಕ್ಕೂ ಬೇಸರದ ವಿಷಯ.

ಅಮೆರಿಕದಲ್ಲಿ ಮಾತು ಕಲಿಸುವ ರೀತಿಯೇ ಬೇರೆ. 1924ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬುಗಳಲ್ಲಿ ಒಂದು ಭಾಷಣಕ್ಕೆ ಸಾಮಾನ್ಯವಾಗಿ 5ರಿಂದ 7 ನಿಮಿಷ. 5ಕ್ಕೆ ಹಸಿರು ದೀಪ, 6ಕ್ಕೆ ಹಳದಿ, 7ಕ್ಕೆ ಕೆಂಪು. ಇಷ್ಟೇ ಸಮಯ ಇದ್ದಾಗ ಮೊದಲ ವಾಕ್ಯವನ್ನು ಸುಮ್ನೆ ಕಳೆಯಲು ಮನಸ್ಸು ಬರುವುದಿಲ್ಲ. ಒಂದು ಘಟನೆಯಿಂದಲೋ ಪ್ರಶ್ನೆಯಿಂದಲೋ ನೇರವಾಗಿ ಶುರು ಮಾಡುತ್ತಾರೆ. ಆಮೇಲೆ ಇನ್ನೊಬ್ಬರು ಎದ್ದು, ಆರಂಭ ಹೇಗಿತ್ತು, ಎಲ್ಲಿ ಸಡಿಲವಾಯಿತು ಎಂದು ಎಲ್ಲರ ಎದುರೇ ಹೇಳುತ್ತಾರೆ. ಈ ಅಭ್ಯಾಸ ನಮ್ಮ ಸಂಘಗಳಿಗೂ ಬರಬೇಕು.

ಹಾಗಂತ ಎಲ್ಲವನ್ನೂ ಇದ್ದ ಹಾಗೇ ತರಬೇಕಿಲ್ಲ. ಒಂದು ನಮಸ್ಕಾರವೂ ಇಲ್ಲದೆ ಕತೆಗೆ ಇಳಿದರೆ ನಮ್ಮ ಹಿರಿಯರಿಗೆ ಒರಟು ಅನ್ನಿಸುತ್ತದೆ. ಅವರು ಹಾಗೆ ಅಂದುಕೊಳ್ಳುವುದು ತಪ್ಪಲ್ಲ. "ನಿಮ್ಮಲ್ಲಿ ಎಷ್ಟು ಜನ..." ಎಂದು ಕೈ ಎತ್ತಿಸುವ ಪ್ರಶ್ನೆಯೂ ಈಗ ಹಳಸಿದೆ.

ಸಂಬೋಧನೆಯೇ ಬೇಡ ಎನ್ನುವವರು ಇದೇ ಊರಿನ ಒಂದು ಭಾಷಣವನ್ನು ನೆನೆಯಬೇಕು. 1893ರ ಸೆಪ್ಟೆಂಬರ್ 11ರಂದು ಸರ್ವಧರ್ಮ ಸಮ್ಮೇಳನದಲ್ಲಿ ವಿವೇಕಾನಂದರು "ಅಮೆರಿಕದ ಸಹೋದರಿಯರೇ, ಸಹೋದರರೇ" ಎಂದದ್ದಕ್ಕೇ ಸಭೆ ಬಹಳ ಹೊತ್ತು ಚಪ್ಪಾಳೆ ತಟ್ಟಿತು. ಚಪ್ಪಾಳೆ ನಿಂತ ಮೇಲೆ ಅವರು ಮೊದಲು ಹೇಳಿದ್ದೂ ಧನ್ಯವಾದವನ್ನೇ. ಅಂದರೆ ತೊಡಕು ಸಂಬೋಧನೆಯಲ್ಲೂ ಇಲ್ಲ, ಧನ್ಯವಾದದಲ್ಲೂ ಇಲ್ಲ, ಅಲ್ವಾ? ಅವರು ಎದುರು ಕೂತವರನ್ನು ಕರೆದರು. ನಾವು ವೇದಿಕೆಯ ಮೇಲಿರುವವರನ್ನು ಕರೆಯುತ್ತೇವೆ. ಎದುರು ಕೂತವರ ಸರದಿ ಕೊನೆಯಲ್ಲಿ, "ಹಾಗೂ ಸಭಿಕರೇ" ಎಂಬ ಎರಡು ಪದಗಳಲ್ಲಿ ಮುಗಿಯುತ್ತದೆ.

ನಾನು ಪುತ್ತೂರಿನ ಕಡೆಯವನು. ಆರಂಭದ ಬಗ್ಗೆ ಯೋಚಿಸಿದಾಗಲೆಲ್ಲ ನನಗೆ ಕಾಣುವುದು, ಯಕ್ಷಗಾನದ ಕತೆಯನ್ನು ಕೂತು ಮಾತಿನಲ್ಲೇ ನಡೆಸುವ ತಾಳಮದ್ದಳೆಯ ಪೀಠಿಕೆ, ಅಂದರೆ ಪಾತ್ರ ಮೊದಲು ಆಡುವ ಮಾತು. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಹಾಡುವ ಭಾಗವತರ ಪದ ಮುಗಿದ ಮೇಲೆ, ಪಾತ್ರವಾಗಿ ಮಾತಾಡುವ ಅರ್ಥಧಾರಿ ಕೂತಲ್ಲಿಂದಲೇ ಮಾತು ತೆಗೆಯಬೇಕು. ಕೇಳುವವರಿಗೆ ಕತೆ ಮೊದಲೇ ಗೊತ್ತು. ಸಂಧಾನ ಮುರಿಯುತ್ತದೆ, ಕರ್ಣ ಸಾಯುತ್ತಾನೆ. ಆದರೂ ಜನ ಕಿವಿಗೊಟ್ಟು ಕೂರುತ್ತಾರೆ. ಈ ಕರ್ಣ ಇವತ್ತು ಯಾವ ಸಂಕಟ ಹೊತ್ತು ಬಂದಿದ್ದಾನೆ ಎಂಬುದು ಅವರಿಗೆ ಗೊತ್ತಾಗಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳ ಮಾತು ಕೇಳಲೆಂದೇ ಜನ ಬರುತ್ತಿದ್ದರು. ಪೀಠಿಕೆ ಕೆಲವೊಮ್ಮೆ ಉದ್ದವಾಗುತ್ತದೆ, ನಿಜ. ಆದರೆ ಒಳ್ಳೆಯ ಪೀಠಿಕೆಯಲ್ಲಿ ಪ್ರಸಂಗಕ್ಕೆ ಸಂಬಂಧವಿಲ್ಲದ ಮಾತು ಇರುವುದಿಲ್ಲ. ಪಾತ್ರ ಎಲ್ಲಿ ನಿಂತಿದೆ, ಏನು ಬಯಸುತ್ತಿದೆ, ಯಾವುದಕ್ಕೆ ಅಂಜುತ್ತಿದೆ ಎಲ್ಲವೂ ಅಲ್ಲೇ ಬರುತ್ತದೆ. ಮುಂದೆ ಎದುರಿನ ಅರ್ಥಧಾರಿ ಅದೇ ಮಾತುಗಳನ್ನು ಹಿಡಿದು ವಾದಕ್ಕಿಳಿಯುತ್ತಾರೆ. ಭಾಷಣ ಮಾಡುವವರು ಇದಕ್ಕಿಂತ ಜಾಸ್ತಿ ಕಲಿಯಬೇಕಾದ್ದು ಏನಿದೆ? ಗೊತ್ತಿರುವ ವಿಷಯವನ್ನೇ ಹೊಸ ಜಾಗದಲ್ಲಿ ನಿಂತು ತೋರಿಸುವ ಈ ವಿದ್ಯೆ ನಮ್ಮ ಊರಲ್ಲೇ ಇದೆ.

ನಮ್ಮ ಸಂಘದವರಲ್ಲಿ ನಾನು ಕೇಳುತ್ತಿರುವುದು ಇಷ್ಟು. ಗಣ್ಯರ ಹೆಸರನ್ನು ನಿರೂಪಕರು ಒಂದೇ ಸಲ, ತಪ್ಪಿಲ್ಲದೆ, ಗೌರವದಿಂದ ಹೇಳಲಿ. ಭಾಷಣಕಾರರು ಬಂದು ಒಂದು ಕ್ಷಣ ಸುಮ್ಮನೆ ನಿಂತು, ಎದುರಿರುವವರ ಮುಖ ನೋಡಿ, ಎಲ್ಲರಿಗೂ ಒಂದು ನಮಸ್ಕಾರ ಹೇಳಿ ವಿಷಯಕ್ಕೆ ಬರಲಿ. ಮೊದಲ ಎರಡು ವಾಕ್ಯ ಬಾಯಿಗೆ ಬರುವಷ್ಟು ಅಭ್ಯಾಸ ಇರಲಿ, ಚೀಟಿ ನೋಡುವುದು ಆಮೇಲೆ. ಇಲ್ಲೇ ಹುಟ್ಟಿದ ಮಕ್ಕಳು ರಾಜ್ಯೋತ್ಸವಕ್ಕೆ ಕನ್ನಡದಲ್ಲಿ ಮಾತಾಡಲು ಬಂದರೆ ಅವರಿಗೂ "ವೇದಿಕೆಯ ಮೇಲೆ ಆಸೀನರಾಗಿರುವ" ಎಂದು ಉರು ಹೊಡೆಸಬೇಡಿ. ಅಜ್ಜಿ ಫೋನಿನಲ್ಲಿ ಏನು ಕೇಳಿದರು, ತಾವು ಏನು ಹೇಳಿದೆವು ಅಂತ ಅಲ್ಲಿಂದಲೇ ಶುರು ಮಾಡಲಿ.